ಸೋಮವಾರ ಒಂಬತ್ತರೊಳಗ ಒಂದು ಮಿಸ್ ಕಾಲ್

ಅವರು ತೀರಿಕೊಂಡ ಎಂಟನೇ ದಿನಕ್ಕ ನಮ್ಮ ಆ್ಯಪ್ ಅವರಿಗೊಂದು ಸಂದೇಶ ಕಳಿಸ್ತು. “ನೀವು ಏಳು ದಿನಗಳಿಂದ ಲಾಗಿನ್ ಆಗಿಲ್ಲ. ದಯವಿಟ್ಟು ಕಾರಣ ನಮೂದಿಸಿ.” ಅದರದೊಂದು ಪ್ರತಿ ನನಗೂ ಬರತೈತಿ. ವಿಜಯಪುರದ ಆಫೀಸಿನ್ಯಾಗ ಕುಂತು ಯಾರು ಲಾಗಿನ್ ಆದ್ರು, ಯಾರು ಆಗಲಿಲ್ಲ ಅಂತ ಕಾಯೂದು ನನ್ನ ಕೆಲಸ. ಓದಿ ಮೈಯೆಲ್ಲಾ ಉರೀತು. ಮಣ್ಣಾಗ ಮಲಗಿದಾಕಿ ಎದ್ದು ಬಂದು ಕಾರಣ ಬರೀಬೇಕಂತ! ಜೀವ ಉಳಸೂ ಆ್ಯಪ್ ಅಂತ ಗ್ವಾಡಿ ಮ್ಯಾಲ ಇಷ್ಟುದ್ದ ಬೋರ್ಡು ಹಾಕೀವಿ ನಾವು. ಜೀವ ಹೋಗಿದ್ದು ಅದಕ್ಕ ಗೊತ್ತಿಲ್ಲ.

ಅವರ ಹೆಸರು ಇಲ್ಲಿ ಹಾಕೂದಿಲ್ಲ. ಹೆಸರು ಹಾಕಿದ್ರ ಯಾರೋ ಒಬ್ಬರು ಫೋಟೋ ಹುಡುಕಿ ಹಾರ ಹಾಕತಾರ, ಭಾಷಣ ಮಾಡತಾರ, ಬದುಕಿದ್ದಾಗ ನೋಟೀಸು ಕೊಟ್ಟವರೇ ಮುಂದಿನ ಸಾಲಿನ್ಯಾಗ ಕುಂತಿರತಾರ. ಮತ್ತೊಂದು ಕಾರಣಾನೂ ಐತಿ. ಅವರು ಯಾರಂತ ಗೊತ್ತಾದ್ರ ಅವರು ಯಾರ್ಯಾರ ಮನಿಗೆ ಹೋಗತಿದ್ರು ಅನ್ನೂದೂ ಗೊತ್ತಾಗತೈತಿ. ತಿಕೋಟಾ, ಬಬಲೇಶ್ವರ ಸುತ್ತಿನ ಹಳ್ಳಿಗಳಾಗ ಎಲ್ಲಾರೂ ನರ್ಸಬಾಯಾರ ಅಂತಿದ್ರು. ನಾನೂ ಹಂಗ ಅಂತೀನಿ.

ನಮ್ಮ ಸಂಸ್ಥೆಯ ಕೆಲಸ ಏನಂದ್ರ, ಮನಸ್ಸು ಮುರದು ಜೀವನಾನ ಬ್ಯಾಡ ಅನಿಸಿದವರನ್ನ ಗುರುತಿಸಿ, ವಾರಾ ವಾರಾ ವಿಚಾರಿಸಿ, ಜೋರಾದ್ರ ಆಸ್ಪತ್ರಿಗೆ ಮುಟ್ಟಿಸೂದು. ಕೆಲಸ ಕೆಟ್ಟದ್ದಲ್ಲ. ಅದಕ್ಕಂತ ಒಂದು ಆ್ಯಪ್ ಮಾಡಿಸಿದ್ರು. ನರ್ಸು ಮನಿಗೆ ಹೋಗಿ ಫೋನ್ ತಗದು ಅದರಾಗಿನ ಪ್ರಶ್ನಿ ಕೇಳಿ ಉತ್ತರ ಒತ್ತಬೇಕು, ಆ ಹೆಣ್ಣಮಗಳ ಫೋನ್ ನಂಬರ್ ಹಾಕಬೇಕು. ಆಮ್ಯಾಲ ಪ್ರತಿ ಸೋಮವಾರ ಹತ್ತು ಗಂಟೆಕ್ಕ ಮಶೀನೇ ಆ ನಂಬರಿಗೆ ಫೋನ್ ಹಚ್ಚತೈತಿ. ಜೇನಿನಂಥಾ ದನಿಯಾಗ ಒಬ್ಬಾಕಿ ಹೇಳತಾಳ: “ನಿಮಗೆ ಬದುಕು ಬೇಡ ಅನಿಸುತ್ತಿದೆ ಎಂದು ತಿಳಿಸಿದ್ದಿರಿ. ಈಗಲೂ ಹಾಗೆ ಅನಿಸುತ್ತಿದ್ದರೆ ಒಂದನ್ನು ಒತ್ತಿ. ಇಲ್ಲವಾದರೆ ಎರಡನ್ನು ಒತ್ತಿ.” ಒಂದು ಒತ್ತಿದ್ರ ನನ್ನ ಪರದೆ ಮ್ಯಾಲ ಆ ಹೆಸರು ಕೆಂಪಾಗತೈತಿ, ಎರಡು ಒತ್ತಿದ್ರ ಹಸರ. ಕೆಂಪಾದ್ರ ನರ್ಸಿಗೆ ಓಡು ಅಂತ ಹೇಳೂದು. ಹಸರ ಆದ್ರ ಚಹಾ ಕುಡಿಯೂದು.

ಮೊದಲ ತರಬೇತಿ ದಿನಾನೇ ಅವರು ನನ್ನ ಕಣ್ಣಿಗೆ ಬಿದ್ರು. ಐವತ್ತರ ಮ್ಯಾಲಿನ ವಯಸ್ಸು, ಕರೀ ಮೈಬಣ್ಣ, ದಪ್ಪ ಕನ್ನಡಕ, ಬಗಲಾಗ ಬಿ.ಪಿ. ನೋಡೂ ಮಶೀನಿನ ಚೀಲ. ತರಬೇತಿಗೆ ಬಿ.ಪಿ. ಮಶೀನ್ ಯಾಕ ತಂದಾರ ಇವರು ಅಂತ ನನಗ ನಗು ಬಂತು. ನಾ ಪರದೆ ಮ್ಯಾಲ ಪ್ರಶ್ನಿ ತೋರಿಸಾಕತ್ತಿದ್ದೆ. ನಡುವ ಕೈ ಎತ್ತಿದ್ರು.

“ಮೇಡಮ್ಮಾರ, ಈ ಪ್ರಶ್ನಿ ಕೇಳುವಾಗ ಅತ್ತಿ ಎಲ್ಲಿ ಇರತಾಳ್ರಿ?”

“ಯಾರ ಅತ್ತಿರಿ?”

“ಆ ಹುಡುಗಿ ಅತ್ತಿ. ಮಗ್ಗಲದಾಗ ಕುಂತಿರತಾಳಲ್ರಿ, ಅಕ್ಕಿ ಹಸನ ಮಾಡಕೋತ. ಆಕಿನ್ನ ಎಲ್ಲಿ ಕಳಸೂದು ಅಂತ ನಿಮ್ಮ ಆ್ಯಪಿನ್ಯಾಗ ಬರದೈತೇನು?”

ಎಲ್ಲಾರೂ ನಕ್ಕರು. ನಾ ನಗಲಿಲ್ಲ. “ಖಾಸಗಿ ಜಾಗದಲ್ಲಿ ಕೇಳಬೇಕು ಅಂತ ಸೂಚನೆ ಐತ್ರಿ” ಅಂದೆ. ಎರಡು ಕೋಲಿ ಮನ್ಯಾಗ ಏಳು ಮಂದಿ ಇರತಾರ, ಖಾಸಗಿ ಜಾಗ ಅಂತ! ಅವರು ನನ್ನ ನೋಡಿ ತಲಿ ಅಲ್ಲಾಡಿಸಿ, ಚೀಲದಾಗ ಕೈ ಹಾಕಿ ಬಿ.ಪಿ. ಮಶೀನಿನ ರಬ್ಬರ ಗುಂಡು ಹಿಚಕಿದ್ರು. ಪುಸ್, ಪುಸ್. ಸಿಟ್ಟು ಬಂದಾಗ ಅವರು ಹಂಗ ಮಾಡತಿದ್ರು. ಮೀಟಿಂಗಿನ್ಯಾಗ ಸಾಹೇಬ್ರು ಮಾತಾಡಾಕತ್ತರ ಸಾಕು, ಹಿಂದಿನ ಸಾಲಿನಿಂದ ಪುಸ್ ಪುಸ್ ಸಪ್ಪಳ ಬರತಿತ್ತು.

ಆ ಮಶೀನು ಯಾಕಂತ ಆಮ್ಯಾಲ ಒಮ್ಮಿ ಅವರ ಜೋಡಿ ಹಳ್ಳಿಗೆ ಹೋದಾಗ ತಿಳೀತು. ಅವರು ಯಾರ ಮನಿಗೂ “ಮನಸ್ಸಿನ ಆರೋಗ್ಯ” ಅಂತ ಹೋಗತಿದ್ದಿಲ್ಲ. ಬಾಗಲದಾಗ ನಿಂತು “ಬಿ.ಪಿ. ನೋಡಾಕ ಬಂದೀನ್ರಿ” ಅಂತಿದ್ರು. ಬಿ.ಪಿ.ಗೆ ಯಾವ ಅತ್ತೀನೂ ಬ್ಯಾಡ ಅನ್ನೂದಿಲ್ಲ. ಮೊದಲ ಅತ್ತಿದು ನೋಡತಿದ್ರು, ಮಾವಂದು ನೋಡತಿದ್ರು, ಉಪ್ಪು ಕಡಿಮಿ ಉಣ್ರಿ ಅಂತ ಬೈತಿದ್ರು. ಕಡೀಕ ಸೊಸಿ ತೋಳಿಗೆ ಪಟ್ಟಿ ಕಟ್ಟಿ, “ಈಗ ಯಾರೂ ಹತ್ತರ ಇರಬ್ಯಾಡ್ರಿ, ಮಾತಾಡಬ್ಯಾಡ್ರಿ, ಮಶೀನು ತಪ್ಪ ತೋರಸ್ತೈತಿ” ಅಂತ ಎಲ್ಲಾರನ್ನೂ ದೂರ ಅಟ್ಟತಿದ್ರು. ಕಿವಿಗೆ ನಳಿಗಿ ಹಾಕ್ಕೊಂಡು, ಗುಂಡು ಹಿಚಕಿಕೋತ, ಮುಖಾ ಕೆಳಗ ಹಾಕಿ ಸಣ್ಣ ದನಿಯಾಗ ಕೇಳತಿದ್ರು. “ಸಾಯಬೇಕಂತ ಅನಸಾಕತ್ತೈತೇನವಾ?”

ಅವತ್ತ, ಹಿಂಗ ನೇರಾ ಕೇಳತಾರೇನ್ರಿ, ಇಲ್ಲದ್ದು ತಲಿಯಾಗ ಹೊಕ್ಕರ ಏನ ಗತಿ ಅಂತ ಬಸ್ ಸ್ಟ್ಯಾಂಡಿನ್ಯಾಗ ಕೇಳಿದೆ. ಅವರು ಬಸ್ಸಿನ ದಾರಿ ನೋಡಿಕೋತ ಹೇಳಿದ್ರು: “ಕೇಳಿದ್ರ ಯಾರೂ ಸಾಯೂದಿಲ್ಲ ತಂಗಿ. ಕೇಳವರು ಒಬ್ಬರಾದ್ರೂ ಸಿಕ್ಕರಲ್ಲಾ ಅಂತ ಅಳತಾರ. ಅತ್ತು ಮುಗದ ಮ್ಯಾಲ ನೀರ ಕುಡೀತಾರ. ಅಲ್ಲಿಂದ ನಮ್ಮ ಕೆಲಸ ಚಾಲೂ.”

ಇನ್ನೊಂದು ಮಾತು ಹೇಳಲೇಬೇಕು, ಹೇಳಾಕ ನಾಚಿಕಿ ಬಂದ್ರೂ. ಅವರು ದಲಿತರು, ಬೌದ್ಧ ಧರ್ಮಕ್ಕ ಹೋದವರು. ಆ ಹಳ್ಳಿಗಳಾಗ ಎಷ್ಟೋ ಮನಿಯವರು ಅವರನ್ನ ಹೊಸಲು ದಾಟಿಸತಿದ್ದಿಲ್ಲ. “ಅಲ್ಲೇ ಕಟ್ಟಿ ಮ್ಯಾಲ ಕೂಡ್ರಿ ಬಾಯಾರ” ಅಂತಿದ್ರು, ಭಾಳ ಗೌರವದಿಂದ, ನೀರು ಮ್ಯಾಲಿಂದ ಸುರೀತಿದ್ರು. ನಾ ಜೋಡಿ ಇದ್ರ ನನ್ನ ಒಳಗ ಕರೀತಿದ್ರು, ಅವರನ್ನ ಹೊರಗ ಬಿಡತಿದ್ರು. ನಾನೂ ಒಳಗ ಹೋಗಿ ಕುಂತು ಚಹಾ ಕುಡದೀನಿ, ಸುಳ್ಳ ಯಾಕ ಹೇಳಲಿ. ಒಮ್ಮಿ ಕೇಳೇಬಿಟ್ಟೆ, ನಿಮಗ ಸಿಟ್ಟ ಬರೂದಿಲ್ಲೇನ್ರಿ ಅಂತ.

“ಬರೂದಿಲ್ಲೇನ? ನನ್ನ ಸಿಟ್ಟು ಇಡಾಕ ಈ ತಾಲೂಕ ಸಾಲೂದಿಲ್ಲ” ಅಂದ್ರು. “ಆದ್ರ ನಾ ಒಳಗ ಹೋಗೂಹಂಗಿಲ್ಲ ಅಂದ್ರ ಸೊಸಿ ಹೊರಗ ಬರಬೇಕಾಗತೈತಿ, ಹೌದಲ್ಲೊ? ಒಳಗ ಹೋದವರಿಗೆ ಅತ್ತಿ ಸಿಗತಾಳ. ಹೊರಗ ಕುಂತಾಕಿಗೆ ಸೊಸಿ ಸಿಗತಾಳ. ಅವರ ಹೊಲಸು ಬುದ್ಧಿ ನನ್ನ ಕೆಲಸಕ್ಕ ಬಂತು, ಬಿಡು.”

ಮನಿಗೆ ಹೋಗಾಕ ಆಗದಿದ್ರ ನಳದ ಹತ್ತರ ನಿಂದರತಿದ್ರು. ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನು ಅಂತ ಗಾದಿ ಹೇಳಿ ನಗತಿದ್ರು. ತಿಕೋಟಾದಾಗ ಒಣದ್ರಾಕ್ಷಿ ಹಸನ ಮಾಡೂ ಶೆಡ್ಡಿನ್ಯಾಗ ಹೆಣ್ಣಮಕ್ಕಳ ನಡುವ ಕುಂತು ತಾನೂ ತೊಟ್ಟು ಬಿಡಿಸಿಕೋತ ಮಾತಾಡತಿದ್ರು. ಕೈಗೆ ಕೆಲಸ ಇದ್ರ ಬಾಯಿ ತಾನ ಬಿಚ್ಚತೈತಿ ಅನ್ನೂದು ಅವರ ಲೆಕ್ಕ. ಯಾವ ಮನ್ಯಾಗ ಚಿಂತಿ ಐತಿ ಅಂತ ಅನಿಸಿದ್ರ, ಹೊಲದ ಔಷಧದ ಪೆಟ್ಟಿಗಿಗೆ ಕೀಲಿ ಹಾಕ್ಸಿ ಆ ಕೀಲಿ ಮಗ್ಗಲ ಮನಿಯಾಗ ಇಡಸ್ತಿದ್ರು. “ಸಣ್ಣ ಹುಡುಗರು ಮುಟ್ಟತಾವ” ಅನ್ನೂದು ನೆಪ. ಆ ಮನ್ಯಾಗ ಸಣ್ಣ ಹುಡುಗರು ಇರಲಿ ಬಿಡಲಿ.

ಅವರು ದೇವತಿ ಅಲ್ಲ ಮತ್ತ. ಬಾಯಿ ಭಾಳ ಖಾರ. ಒಬ್ಬ ಆಶಾ ಕಾರ್ಯಕರ್ತೆನ್ನ ಎಲ್ಲಾರ ಮುಂದ ಬೈದು ಅಳಿಸಿದ್ದನ್ನ ನಾನ ನೋಡೀನಿ. ಆ ಹುಡುಗಿದು ತಪ್ಪೂ ಇದ್ದಿಲ್ಲ. ಮರುದಿನ ಆಕಿ ಮನಿ ಮುಂದ ಒಂದು ಬುಟ್ಟಿ ದ್ರಾಕ್ಷಿ ಇಟ್ಟು, ಬಾಗಲ ಬಡದು, ಹೊಳ್ಳಿ ನೋಡದ ಹೋಗಿದ್ರಂತ. “ತಪ್ಪಾತು” ಅನ್ನೂ ಮಾತು ಅವರ ಬಾಯಾಗ ಬಂದಿದ್ದು ನಾ ಕೇಳಿಲ್ಲ.

ಇನ್ನ ನನ್ನ ಪಾಪದ ಕತಿ.

ಮೂರು ವರ್ಷದ ಹಿಂದ ಒಂದು ದಿನ ಕಂಪ್ಯೂಟರ್ ನನಗ ಎಚ್ಚರಿಕಿ ಕೊಟ್ಟಿತು. ಇಪ್ಪತ್ಮೂರು ಹೆಣ್ಣಮಕ್ಕಳ ಹೆಸರಿನ ಮುಂದ ಒಂದೇ ಫೋನ್ ನಂಬರ್. ನೋಡಿದ್ರ ಆ ನಂಬರು ನರ್ಸಬಾಯಾರದು! ಸೋಮವಾರ ಹತ್ತು ಗಂಟೆಕ್ಕ ಮಶೀನು ಇಪ್ಪತ್ಮೂರು ಸಲ ಅವರಿಗೇ ಫೋನ್ ಹಚ್ಚತಿತ್ತು, ಇಪ್ಪತ್ಮೂರು ಸಲಾನೂ ಅವರೇ ಒಂದೋ ಎರಡೋ ಒತ್ತತಿದ್ರು. ಕಳ್ಳಿ ಸಿಕ್ಕಳು ಅನಿಸ್ತು ನನಗ. ಮನ್ಯಾಗ ಕುಂತು ಉತ್ತರ ಒತ್ತಾಕತ್ತಾಳ, ಯಾರ ಹಂತೇಕೂ ಹೋಗೂದಿಲ್ಲ ಅಂತ ಬರದು ಮ್ಯಾಲ ಕಳಿಸಿದೆ. ಒಂದು ಮಾತು ಅವರನ್ನ ಕೇಳಲಿಲ್ಲ. ಎರಡು ದಿನದಾಗ ನೋಟೀಸು ಹೋತು, ಅವರ ಲಾಗಿನ್ ಬಂದ್ ಆತು, ವಿಚಾರಣಿ ಮುಗಿಯೂತನಕ ಹಳ್ಳಿಗೆ ಹೋಗಬಾರದು ಅಂತ ಆದೇಶ ಆತು.

ನೋಟೀಸು ಹಿಡಕೊಂಡು ಅವರು ನಮ್ಮ ಆಫೀಸಿಗೆ ಬಂದ್ರು. ನನ್ನ ಎದುರಿನ ಖುರ್ಚಿ ಎಳಕೊಂಡು ಕುಂತು, ಚೀಲದಾಗಿಂದ ಒಂದು ನೂರು ಪುಟದ ನೋಟಬುಕ್ ತಗದು ಮೇಜಿನ ಮ್ಯಾಲ ಒಗದ್ರು.

“ಓದ.”

ಪುಟಕ್ಕೊಂದು ಹೆಸರು. ಹೆಸರಿನ ಕೆಳಗ ಎರಡು ಮೂರು ನಂಬರು, ಮಗ್ಗಲಕ್ಕ ಬರದಿದ್ರು: ಮನಿ ಫೋನು, ನಾದಿನಿ ಫೋನು, ಅಂಗನವಾಡಿ ಟೀಚರ್. ಅದರ ಕೆಳಗ ವಾರಾ ವಾರದ ತಾರೀಖು, ತಾರೀಖಿನ ಮುಂದ ಒಂದು ಗೆರಿ.

ಅವರ ಪದ್ಧತಿ ಹಿಂಗಿತ್ತು. ಸೋಮವಾರ ನಮ್ಮ ಕಡೆ ಎತ್ತು ಹೂಡೂದಿಲ್ಲ. ಗಂಡಸರು ಜಳಕ ಮಾಡಿ ಗುಡಿಗೆ ಹೋಗತಾರ, ಫೋನು ಮನ್ಯಾಗ ಚಾರ್ಜಿಗೆ ಇಟ್ಟು ಹೋಗತಾರ. ಆ ಒಂದು ತಾಸು ಮನಿಯ ಫೋನು ಹೆಂಗಸರ ಕೈಗೆ ಸಿಗತೈತಿ. ಅಷ್ಟರಾಗ ನರ್ಸಬಾಯಾರಿಗೆ ಒಂದು ಮಿಸ್ ಕಾಲ್ ಕೊಡಬೇಕು, ಕೊಟ್ಟು ಅಳಿಸಿಬಿಡಬೇಕು. ಒಂದು ರಿಂಗು ಅಂದ್ರ ನಾ ಅದೀನಿ, ಈ ವಾರ ಗಟ್ಟಿ ಅದೀನಿ ಅಂತ. ಅವರು ಎತ್ತತಿದ್ದಿಲ್ಲ, ತಿರುಗಿ ಹಚ್ಚತಿದ್ದಿಲ್ಲ. ಒಂಬತ್ತರೊಳಗ ಬರಲಿಲ್ಲಂದ್ರ ಯಾವ ವಿಚಾರಣೀನೂ ಇಲ್ಲ, ಬಿ.ಪಿ. ಚೀಲ ಬಗಲಿಗೆ, ಮೊದಲ ಬಸ್ಸಿಗೆ ಆ ಊರಿಗೆ. ಹತ್ತಕ್ಕ ಮಶೀನ್ ಫೋನ್ ಹಚ್ಚಿದ್ರ, ಮಿಸ್ ಕಾಲ್ ಬಂದವರಿಗೆ ಎರಡು, ಬರದವರಿಗೆ ಒಂದು ಒತ್ತತಿದ್ರು. ಒಂದು ರೂಪಾಯಿ ಖರ್ಚಿಲ್ಲ, ಒಂದು ಅಕ್ಷರ ಓದಾಕ ಬರಬೇಕಂತಿಲ್ಲ.

“ಇದನ್ನ ಮೊದಲ ಹೇಳಬೇಕಿಲ್ರಿ? ಅವರವರ ನಂಬರ್ ಹಾಕಬೇಕು ಅಂತ ರೂಲ್ಸ್ ಐತ್ರಿ ಸಿಸ್ಟರ್” ಅಂದೆ.

“ಅವರವರ ನಂಬರ್ ಅಂದ್ರ ಏನವಾ? ಮನಿಗೊಂದು ಫೋನು, ಅದು ಮಾವಂದು. ರೇಷನ್ನಿಗೂ ಅದ, ಗ್ಯಾಸಿಗೂ ಅದ, ಬ್ಯಾಂಕಿಗೂ ಅದ. ಅದಕ್ಕ ನಿನ್ನ ಮಶೀನ್ ಫೋನ್ ಹಚ್ಚಿ ನಿನ್ನ ಸೊಸಿಗೆ ಸಾಯಬೇಕನಸಾಕತ್ತೈತೇನು ಅಂತ ಕೇಳತೈತಿ. ನಮ್ಮ ಮುದುಕರು ಫೋನ್ ಕಿವಿಗೆ ಇಡೂದಿಲ್ಲ, ಸ್ಪೀಕರ್ ಹಚ್ಚಿ ಬಾಯಿ ಮುಂದ ಹಿಡೀತಾರ. ನಿಮ್ಮ ಆ್ಯಪು ಗೋಲಗುಮ್ಮಟ ಆಗೇತಿ. ಆಕಿ ನನ್ನ ಕಿವಿಯಾಗ ಹೇಳಿದ್ದು ಏಳು ಸಲ ಊರಿಗೆ ಕೇಳಸ್ತೈತಿ.”

ಅವರು ಮುಂದಕ್ಕ ಬಾಗಿದ್ರು.

“ನಿನ್ನ ಫೋನ್ ನಿನ್ನ ಗಂಡ ನೋಡತಾನೇನ?”

ನಾ ನೋಟಬುಕ್ಕಿನ ಹಾಳಿ ತಿರುವಿದೆ.

“ಕೇಳಾಕತ್ತೇನಿ. ನೋಡತಾನೋ ಇಲ್ಲೋ?”

“ನೋಡತಾರ್ರಿ.”

“ಡಿಗ್ರಿ ಮಾಡಿದಾಕಿ, ಪಗಾರ ತಗೊಳ್ಳಾಕಿ, ನಿನ್ನ ಫೋನೇ ನಿಂದಲ್ಲ. ಆ ಸೊಸಿಗೆ ಮಾವನ ಫೋನ್ ತನ್ನದು ಆಗತೈತೇನ?”

ಅಷ್ಟ ಕೇಳಿದ ಮ್ಯಾಲರೆ ನನಗ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಅವಮಾನ ಆತು, ಅವಮಾನಕ್ಕ ಸಿಟ್ಟು ಬಂತು. ಅವರು ಹೋದ ಮ್ಯಾಲ ರೇಷನ್ ಕಾರ್ಡಿನ ಪಟ್ಟಿ ತಗದು ಇಪ್ಪತ್ಮೂರು ಮನಿಯ ನಂಬರು ಒಂದೊಂದಾಗಿ ಹುಡುಕಿ ಹಾಕಿದೆ. ಶುಕ್ರವಾರ ಮಧ್ಯಾಹ್ನ ಊಟಾ ಬಿಟ್ಟು ಮಾಡಿದ ಕೆಲಸ ಅದು. ಭಾಳ ಛಲೋ ಕೆಲಸ ಮಾಡಿದಿ ಅಂತ ಸಾಹೇಬ್ರು ಬೆನ್ನ ಚಪ್ಪರಿಸಿದ್ರು.

ಸೋಮವಾರ ಹತ್ತೂವರಿಗೆ ನರ್ಸಬಾಯಾರ ಫೋನ್ ಬಂತು. “ಇವತ್ತ ನನಗ ಮಶೀನಿನ ಫೋನು ಒಂದೂ ಬರಲಿಲ್ಲ. ನಂಬರ್ ಬದಲಿ ಮಾಡಿಯೇನು?”

“ಹೂನ್ರಿ ಸಿಸ್ಟರ್. ಎಲ್ಲಾ ಸರಿ ಮಾಡೀನಿ.”

ಆ ಕಡೆಯಿಂದ ಪುಸ್ ಪುಸ್ ಅಂತ ಸಪ್ಪಳ ಕೇಳಿಸ್ತು, ಫೋನ್ ಕಟ್ ಆತು.

ಆ ಇಪ್ಪತ್ಮೂರರಾಗ ಜೈನಾಪುರದ ಕಡೆ ಒಬ್ಬಾಕಿ ಇದ್ಲು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಅವತ್ತ ಮಶೀನಿನ ಫೋನು ಆಕಿ ಮಾವನ ಕೈಗೆ ಬಂತು. ಮುದುಕ ಕಟ್ಟಿ ಮ್ಯಾಲ ನಾಕ ಮಂದಿ ಜೋಡಿ ಕುಂತಿದ್ದ. ಸ್ಪೀಕರ್ ಹಚ್ಚಿದ. ಆ ಜೇನಿನಂಥಾ ದನಿ ಆಕಿ ಹೆಸರು ಹಿಡದು, ಬದುಕು ಬ್ಯಾಡ ಅಂತ ಹೇಳಿದ್ದಿರಿ ಅಂತ ಓಣಿಗೆಲ್ಲಾ ಸಾರಿತು. ಮುದುಕ ಎರಡು ಒತ್ತಿದ. ಇಲ್ಲಿ ನನ್ನ ಪರದೆ ಮ್ಯಾಲ ಆಕಿ ಹೆಸರು ಹಸರ ಆತು. ನಾ ಚಹಾ ಕುಡದೆ.

ಮನ್ಯಾಗ ಏನೇನು ಮಾತು ಬಂದಿರಬೇಕು ನೀವ ತಿಳಕೊಳ್ರಿ. ಮನಿ ಮಾನ ಹರಾಜ ಹಾಕಿದಿ, ಊರ ಮುಂದ ನಮ್ಮ ಮೂಗ ಕೊಯ್ದಿ. ಮುದುಕ ಮನ್ಯಾಗ ಇಲ್ಲದಾಗ ಫೋನು ಕಪಾಟಿನ್ಯಾಗ ಹೋತು, ಕೀಲಿ ಬಿತ್ತು. ಬುಧವಾರ ನರ್ಸಬಾಯಾರ ಹೋದ್ರ ಮುದುಕ ಓಣಿಯಾಗಿಂದಾನ ಹೊಳ್ಳಿಸಿ ಕಳಿಸಿದ. ನೌಕರಿಯಿಂದ ತಗದಾರಂತ ಗೊತ್ತೈತಿ, ನಡಿ ನಡಿ ಅಂದ. ನೋಟೀಸಿನ ಸುದ್ದಿ ಅಷ್ಟರಾಗ ಹಳ್ಳಿ ಮುಟ್ಟಿತ್ತು. ಅದೂ ನನ್ನ ಕೃಪಾ.

ಮುಂದಿನ ಸೋಮವಾರ ಒಂಬತ್ತರೊಳಗ ಇಪ್ಪತ್ತೆರಡು ಮಿಸ್ ಕಾಲ್ ಬಂದ್ವು. ಜೈನಾಪುರದ್ದು ಬರಲಿಲ್ಲ. ನರ್ಸಬಾಯಾರ ಬಸ್ ಹತ್ತಿದ್ರು. ಇತ್ತ ಹತ್ತಕ್ಕ ಮಶೀನು ಫೋನ್ ಹಚ್ಚಿತು, ಮುದುಕ ಪೂರಾ ಕೇಳಲೂ ಇಲ್ಲ, ಎರಡು ಒತ್ತಿದ. ಹಸರ.

ಅವರು ಆ ಮನಿ ಕಟ್ಟಿ ಮ್ಯಾಲ ಕುಂತುಬಿಟ್ರಂತ. ಬಿ.ಪಿ. ನೋಡದ ಏಳೂದಿಲ್ಲ ಅಂದ್ರಂತ. ಮುದುಕ ಒದರಿದ, ಅವರೂ ಒದರಿದ್ರು. ಮಂದಿ ಕೂಡಿತು. ಒಳಗಿಂದ ಆ ಹುಡುಗಿ ಬಂದ್ಲು, ಮುಖದಾಗ ರಕ್ತ ಇದ್ದಿಲ್ಲ. ತೋಳಿಗೆ ಪಟ್ಟಿ ಕಟ್ಟಿ, ಗುಂಡು ಹಿಚಕಿ, ಸಣ್ಣ ದನಿಯಾಗ ಅದ ಮಾತು ಕೇಳಿದ್ರು. ಆಮ್ಯಾಲ ಎದ್ದು ನಿಂತು ಎಲ್ಲಾರಿಗೂ ಕೇಳೂಹಂಗ ಅಂದ್ರಂತ: “ಬಿ.ಪಿ. ಭಾಳ ಏರೇತಿ. ಈಗಿಂದೀಗ ಆಸ್ಪತ್ರಿಗೆ ಒಯ್ಯಬೇಕು. ತಡದವರ ಹೆಸರು ಬರಕೋತೀನಿ.” ಮನಸ್ಸು ಸರಿ ಇಲ್ಲ ಅಂದ್ರ ನಗವರು, ಬಿ.ಪಿ. ಅಂದಕೂಡ್ಲೆ ತಾವ ಗಾಡಿ ತರಾಕ ಓಡಿದ್ರು.

ಅವತ್ತ ಆ ಹುಡುಗಿ ಏನ ಮಾಡಾಕ ಹೊಂಟಿದ್ಲು ಅನ್ನೂದನ್ನ ನಾ ಬರಿಯೂದಿಲ್ಲ. ಮಾಡಲಿಲ್ಲ. ಇವತ್ತ ಅದಾಳ, ಟೈಲರಿಂಗ್ ಕಲತಾಳ, ಸೋಮವಾರ ಮಿಸ್ ಕಾಲ್ ಕೊಡತಾಳ.

ಮಧ್ಯಾಹ್ನ ಎರಡಕ್ಕ ಜಿಲ್ಲಾಸ್ಪತ್ರಿಯಿಂದ ನರ್ಸಬಾಯಾರ ಫೋನ್ ಬಂತು. “ನಿನ್ನ ಹಸರ ಬಣ್ಣದಾಕಿ ಇಲ್ಲಿ ಅದಾಳ. ಬಾ, ನೋಡಿಕೊಂಡು ಹೋಗ.” ಹೋದೆ. ಆ ಹುಡುಗಿ ಮಂಚದ ಮ್ಯಾಲ ಗ್ವಾಡಿ ಕಡೆ ಮುಖ ಮಾಡಿ ಮಲಗಿದ್ಲು, ನರ್ಸಬಾಯಾರ ಆಕಿ ಕಾಲ ಒತ್ತಾಕತ್ತಿದ್ರು. ನಾ ಅಲ್ಲೇ ನಿಂತು ಅತ್ತೆ. “ಅಳೂದು ಆಮ್ಯಾಲ. ಮೊದಲ ಆ ಇಪ್ಪತ್ತೆರಡು ನಂಬರು ತಗಿ” ಅಂದ್ರು. ಬೈತಾರ ಅಂತ ಕಾದಿದ್ದೆ. ಬೈಲಿಲ್ಲ, ಅದ ಭಾಳ ಸುಡ್ತು.

ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು ಅಂತಾರಲ್ಲ, ಹಂಗಾತು ನಂದು. ಆಫೀಸಿಗೆ ಬಂದು ಆ್ಯಪ್ ಪೂರಾ ಜಾಲಾಡಿದೆ. “ಸ್ವಂತ ಫೋನ್ ಇಲ್ಲ, ಕರೆ ಬೇಡ” ಅಂತ ಒಂದು ಆಯ್ಕೆ ಅದರಾಗ ಮೊದಲಿಂದಾನೂ ಇತ್ತು! ಅದನ್ನ ಒತ್ತಾಕ ಜಿಲ್ಲಾ ಆಫೀಸಿನವರ ಒಪ್ಪಿಗಿ ಬೇಕಿತ್ತು. ಜಿಲ್ಲಾ ಆಫೀಸಿನವರು ಅಂದ್ರ ನಾನೇ. ಇಪ್ಪತ್ಮೂರಕ್ಕೂ ಒತ್ತಿದೆ. ಅವರ ಹೆಸರೆಲ್ಲಾ ಬೂದಿ ಬಣ್ಣ ಆದ್ವು. ಸಾಹೇಬ್ರು ಬೂದಿ ಬಣ್ಣ ಜಾಸ್ತಿ ಆತು, ಮ್ಯಾಲ ಏನ ತೋರಸೂದು ಅಂದ್ರು. ಜೈನಾಪುರದ ಸುದ್ದಿ ಹೇಳಿದೆ. “ಅಪರೂಪಕ್ಕೊಂದು ಹಾಗಾಗುತ್ತಮ್ಮ” ಅಂದ್ರು. ಅಪರೂಪಕ್ಕೊಂದು! ಆ ಒಂದಕ್ಕ ಹೆಸರೈತಿ, ತಾಯಿ ಅದಾಳ, ಕೂಸು ಐತಿ. ನೋಟೀಸು ಹಿಂದಕ್ಕ ತಗೊಳ್ರಿ ಅಂತ ಮೂರು ಸಲ ಬರದು ಕೊಟ್ಟೆ. ಲಾಗಿನ್ ಬಿಚ್ಚಿದ್ರು, ನೋಟೀಸು ಮಾತ್ರ ಅವರ ಫೈಲಿನ್ಯಾಗ ಇವತ್ತಿಗೂ ಐತಿ.

ನರ್ಸಬಾಯಾರು ಆ್ಯಪ್ ಅಂದ್ರ ವೈರಿ ಅಂತಿದ್ದಿಲ್ಲ. ಅದರಾಗ ಗಾಡಿ ಕರಿಯೂ ಒಂದು ಗುಂಡಿ ಐತಿ, ಒತ್ತಿದ್ರ ಹತ್ತಿರದ ಆಂಬುಲೆನ್ಸು ಬರತೈತಿ. “ಇದೊಂದು ಮಾಡಿದಾಂವ ಶಾಣ್ಯಾ ಅದಾನ ನೋಡ. ಅಂವ ಒಮ್ಮಿಯಾದ್ರೂ ಗಾಡಿಗೆ ಕಾದಿರಬೇಕು” ಅಂತಿದ್ರು.

ಸಕ್ಕರಿ ಕಾಯಿಲಿ ಅವರನ್ನ ಒಳಗಿಂದ ತಿಂದಿತ್ತು. ಊರ ಮಂದಿ ಬಿ.ಪಿ. ನೋಡಿದಾಕಿ ತನ್ನ ಕಾಲಿನ ಹುಣ್ಣು ನೋಡಿಕೊಳ್ಳಲಿಲ್ಲ. ಹೋದ ತಿಂಗಳು ಆಸ್ಪತ್ರಿಯಾಗ ಹತ್ತು ದಿನ ಇದ್ದು, ಕಡೀ ದಿನದತನಕ ಅಲ್ಲಿಂದಾನ ಲಾಗಿನ್ ಆಗಿ, ಹೋದ್ರು. ತಿಕೋಟಾದ ಮನ್ಯಾಗ ಬುದ್ಧವಂದನೆ ಹೇಳುವಾಗ ಅಂಗಳದ ತುಂಬ ಹೆಂಗಸರು. ಯಾರೂ ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ, ತಮ್ಮ ಗುರುತು ತಾವ ಮುಚ್ಚಿಕೊಂಡು ಸೆರಗು ಹೊತ್ತು ನಿಂತಿದ್ರು. ನಮ್ಮ ಆಫೀಸಿನಿಂದ ಬಂದಾಕಿ ನಾ ಒಬ್ಬಾಕಿ. ಉಳದವರು ಗ್ರೂಪಿನ್ಯಾಗ ಕೈ ಮುಗದ ಚಿತ್ರ ಹಾಕಿದ್ರು.

ಕಾರಣ ನಮೂದಿಸಿ ಅನ್ನೂ ಆ ಸಂದೇಶ ಬಂದ ದಿನಾನೇ ಸಂಜಿಮುಂದ ಅವರ ಮಗಳು ಆಫೀಸಿಗೆ ಬಂದ್ಲು. ಬಬಲೇಶ್ವರದ ಸಾಲ್ಯಾಗ ಟೀಚರ್ ಆಕಿ. ಅವ್ವನ ಹಳೇ ಫೋನು, ನೋಟಬುಕ್, ಬಿ.ಪಿ. ಚೀಲ, ಮೂರನ್ನೂ ನನ್ನ ಮೇಜಿನ ಮ್ಯಾಲ ಇಟ್ಲು.

“ಅವ್ವ ನಿಮಗ ಕೊಡು ಅಂದಿದ್ಲುರಿ.”

“ನನಗ? ನನಗ ಯಾಕ?” ಅಂದೆ.

“ನಾನೂ ಹಂಗ ಕೇಳಿದೆ. ಆಕಿ ಒಮ್ಮಿ ತಪ್ಪು ಮಾಡ್ಯಾಳ, ಆಕಿಗೇ ಕೊಡು, ಇನ್ನೊಮ್ಮಿ ಮಾಡೂದಿಲ್ಲ ಅಂದ್ಲು.”

ಬಿ.ಪಿ. ಮಶೀನು ಹಿಡಿಯೂದನ್ನ ಆ ಮಗಳ ಮುಂದ ಕುಂತು ಎರಡು ಸಂಜಿ ಕಲತೆ. ಮೊನ್ನಿ ಸೋಮವಾರ ಮುಂಜಾನೆ ಏಳಕ್ಕ ಆ ಫೋನು ಮುಂದ ಇಟಗೊಂಡು ಕುಂತೆ. ಒಂದು ರಿಂಗು, ಕಟ್. ನೋಟಬುಕ್ಕಿನ್ಯಾಗ ಒಂದು ಗೆರಿ. ಇನ್ನೊಂದು ರಿಂಗು, ಕಟ್. ನನ್ನ ಗಂಡ ಬಂದು ಯಾರದು ಇದು, ಇಷ್ಟ ಫೋನ್ ಯಾರ ಮಾಡತಾರ ಅಂತ ಕೈ ಚಾಚಿದ. “ಮುಟ್ಟಬ್ಯಾಡ” ಅಂದೆ. ಹನ್ನೆರಡು ವರ್ಷದಾಗ ಮೊದಲನೇ ಸಲ ಅಂದಿದ್ದು. ಸುಮ್ಮ ಹೋದ.

ಒಂಬತ್ತಾತು. ಇಪ್ಪತ್ತೆರಡು ಗೆರಿ. ಅರಕೇರಿಯ ಒಂದು ಪುಟ ಖಾಲಿ.

ಆಫೀಸಿನ ಆ್ಯಪಿನ್ಯಾಗ ರಜಾ ಕೇಳಿದೆ. “ದಯವಿಟ್ಟು ಕಾರಣ ನಮೂದಿಸಿ” ಅಂತು. ಮಿಸ್ ಕಾಲ್ ಬಂದಿಲ್ಲ ಅಂತ ಬರದು ಬಸ್ ಸ್ಟ್ಯಾಂಡಿಗೆ ಓಡಿದೆ.

ಅರಕೇರಿಯ ಆ ಮನಿ ಬಾಗಲದಾಗ ಅತ್ತಿ ಕುಂತಿದ್ಲು. ನನ್ನ ಬಗಲಿನ ಚೀಲದ ಗುರುತು ಹಿಡದ್ಲು, ನನ್ನ ಮುಖದ ಗುರುತು ಹತ್ತಲಿಲ್ಲ.

“ನರ್ಸಬಾಯಾರ ಎಲ್ರಿ?”

“ಅವರು ಇಲ್ಲರಿ ಈಗ. ನಾ ಬಿ.ಪಿ. ನೋಡಾಕ ಬಂದೀನಿ.”

ನನ್ನ ಕೊಳ್ಳಾಗಿನ ತಾಳಿ, ಅಡ್ಡಹೆಸರು, ಊರು ಎಲ್ಲಾ ವಿಚಾರಿಸಿದ ಮ್ಯಾಲ ಅತ್ತಿ ಮುಖ ಅರಳ್ತು. ಎದ್ದು ನಿಂತು, “ಅಯ್ಯ, ನೀವು ನಮ್ಮವರ ಅದೀರಿ. ಒಳಗ ಬರ್ರಿ, ಹೊರಗ್ಯಾಕ ನಿಂತೀರಿ” ಅಂದ್ಲು. 

“ಒಳಗ ಬರೂದಿಲ್ಲ” ಅಂದೆ. ಕಟ್ಟಿ ಮ್ಯಾಲ ಕುಂತೆ. “ಸೊಸಿನ್ನ ಹೊರಗ ಕಳಿಸ್ರಿ.”

ಅತ್ತಿದು ನೋಡಿದೆ, ಉಪ್ಪು ಕಡಿಮಿ ಉಣ್ರಿ ಅಂದೆ. ಆಮ್ಯಾಲ ಸೊಸಿ ಬಂದು ಕುಂತ್ಲು. ತೋಳು ಕಡ್ಡಿ ಆಗಿತ್ತು, ಪಟ್ಟಿ ಎರಡು ಸುತ್ತು ಜಾಸ್ತಿ ಬಂತು. ಯಾರೂ ಹತ್ತರ ಇರಬ್ಯಾಡ್ರಿ, ಮಶೀನು ತಪ್ಪ ತೋರಸ್ತೈತಿ ಅಂದೆ. ಅತ್ತಿ ಬಾಗಲದ ಆ ಕಡೆ ಹೋದ್ಲು. ನಾ ಗುಂಡು ಹಿಚಕಿಕೋತ ಮುಖಾ ಕೆಳಗ ಹಾಕಿ ಅದ ಮಾತು ಕೇಳಿದೆ. ಆಕಿ ನನ್ನ ಕೈ ಹಿಡದ್ಲು. “ಹೂನ್ರಿ” ಅಂದ್ಲು.

ಬಲಗೈಲೆ ನನ್ನ ಫೋನಿನ್ಯಾಗ ಗಾಡಿ ಕರಿಯೂ ಗುಂಡಿ ಒತ್ತಿದೆ. ಎಡಗೈ ಆಕಿ ಬಿಡಲಿಲ್ಲ.

ಅತ್ತಿ ಬಾಗಲದ ಆ ಕಡೆಯಿಂದ ಕೇಳಿದ್ಲು. “ಬಿ.ಪಿ. ಎಷ್ಟ ಐತ್ರಿ ಬಾಯಾರ?”

“ಭಾಳ ಏರೇತಿ” ಅಂದೆ, ಓಣಿಗೆಲ್ಲಾ ಕೇಳೂಹಂಗ. “ಈಗಿಂದೀಗ ಆಸ್ಪತ್ರಿಗೆ ಒಯ್ಯಬೇಕು.”